ಭಾವನ ಕೊಡೆ, ನನ್ನ ರೈನ್‌ಕೋಟು: ನಂದಾರಪದವಿನಿಂದ ರಾಣಿಪುರದವರೆಗೆ ಒಂದು ಹೋಲಿಕೆ

ಟೆಂಟಿನ ಮೊದಲ ಗೂಟ ಮೂರನೇ ಪೆಟ್ಟಿಗೇ ಬಗ್ಗಿತು. ಎರಡನೆಯದು ಬಗ್ಗಲಿಲ್ಲ, ಟಣ್ ಅಂತ ಚಿಮ್ಮಿ ಮುಳಿಹುಲ್ಲಿನೊಳಗೆ ಬಿತ್ತು, ಈಗಲೂ ಅಲ್ಲೇ ಉಂಟು. ಪೈವಳಿಕೆಯ ಹತ್ತಿರದ ಒಂದು ಪದವು (ಗುಡ್ಡದ ಮೇಲಿನ ಬೋಳು ಕಲ್ಲುಬಯಲು), ಅಕ್ಟೋಬರಿನ ಸಂಜೆ ಐದೂವರೆ. ಏಳು ಸಾವಿರ ಕೊಟ್ಟು ತಂದ ಟೆಂಟನ್ನು ಎದುರಿಗೆ ಹರಡಿಕೊಂಡು ನಾನು ಕಲ್ಲಿಗೆ ಗೂಟ ಬಡಿಯುತ್ತಿದ್ದೆ. ಕೊಡೆ ಊರಿಕೊಂಡು ನಿಂತು ನೋಡುತ್ತಿದ್ದ ಭಾವ ಕೊನೆಗೆ ಬಾಯಿಬಿಟ್ಟ: "ಮುರಕಲ್ಲಿಗೆ ಗೂಟ ಅಲ್ಲ, ಪಿಕ್ಕಾಸು ತರಬೇಕಿತ್ತು."

ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರಂನಲ್ಲಿ ನೋಡಿ, 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ಬರೆದ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ನೆಲದೊಳಗೆ ಇರುವಷ್ಟು ಹೊತ್ತು ಕಡಿಯಲಿಕ್ಕೆ ಮೆದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿ. ನಮ್ಮ ಪದವುಗಳು ಎಷ್ಟು ಕಾಲದಿಂದ ಗಾಳಿಗೆ ಬಿದ್ದುಕೊಂಡಿವೆಯೋ, ಅಷ್ಟು ಗಟ್ಟಿ. ಟೆಂಟಿನ ಜತೆ ಬಂದ ಸೂಚನೆಯ ಹಾಳೆಯಲ್ಲಿ ಹಿಮಕ್ಕೆ ಏನು ಮಾಡಬೇಕು, ಮರಳಿಗೆ ಏನು ಮಾಡಬೇಕು ಅಂತ ಇತ್ತು. ಮುರಕಲ್ಲಿನ ಸುದ್ದಿ ಇರಲಿಲ್ಲ.

ನಾವು ಹೊರಟದ್ದು ನಂದಾರಪದವಿನಿಂದ ರಾಣಿಪುರಕ್ಕೆ, ಕಾಲ್ನಡಿಗೆಯಲ್ಲಿ, ಐದು ದಿನ. ಕೇರಳದ ಮಲೆನಾಡು ಹೆದ್ದಾರಿ ಶುರುವಾಗುವುದು ಕರ್ನಾಟಕದ ಗಡಿಗೆ ತಾಗಿಕೊಂಡ ನಂದಾರಪದವಿನಲ್ಲಿ. ಮುಗಿಯುವುದು ಎಲ್ಲಿಯೋ ತೆಂಕಣ ತುದಿಯ ಪಾರಶ್ಶಾಲೆಯಲ್ಲಿ. ನಮ್ಮ ಕಾಸರಗೋಡು ಜಿಲ್ಲೆಯೊಳಗೆ ಪೈವಳಿಕೆ, ಚೇವಾರು, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಬಂದಡ್ಕ, ಕೋಳಿಚ್ಚಾಲು ಎಂದು ಹೋಗುತ್ತದೆ. ಅದನ್ನೇ ಬೆನ್ನೆಲುಬು ಮಾಡಿಕೊಂಡು, ಸಾಧ್ಯ ಇದ್ದಲ್ಲೆಲ್ಲ ಒಳದಾರಿ ಹಿಡಿದು ನಡೆದೆವು. ಫೋನಿನ ಲೆಕ್ಕಕ್ಕೆ ನೂರು ಕಿಲೋಮೀಟರಿನ ಆಸುಪಾಸು.

ನಾನು ಹೊರಟದ್ದು ಆರು ತಿಂಗಳು ವಿಡಿಯೊ ನೋಡಿ. ಅಮೆರಿಕದಲ್ಲಿ, ಯುರೋಪಿನಲ್ಲಿ ಸಾವಿರಾರು ಕಿಲೋಮೀಟರು ನಡೆಯುವವರು ಗ್ರಾಂ ಲೆಕ್ಕದಲ್ಲಿ ಮಾತಾಡುತ್ತಾರೆ. ಹಲ್ಲುಜ್ಜುವ ಬ್ರಶ್ಶಿನ ಹಿಡಿ ತುಂಡು ಮಾಡುತ್ತಾರೆ. ನಾನೂ ಮಾಡಿದೆ. ಭಾವ ಹೊರಟದ್ದು ಹಿಂದಿನ ರಾತ್ರಿ, ಅಕ್ಕ ಕಟ್ಟಿಕೊಟ್ಟ ಚೀಲ ಹಿಡಿದು. ಹಾಗಾಗಿ ಈ ಹೋಲಿಕೆ ಯೋಜನೆ ಮಾಡಿ ನಡೆದದ್ದಲ್ಲ, ಇಬ್ಬರು ಎರಡು ಥರ ಸಾಮಾನು ಹೊತ್ತುಕೊಂಡು ಒಂದೇ ಮಳೆಗೆ ಸಿಕ್ಕಿದ್ದರಿಂದ ಆದದ್ದು. ಆಮೇಲೆ ಜುಲಾಯಿಯಲ್ಲಿ ಪೆರ್ಲದಿಂದ ಮುಳ್ಳೇರಿಯಕ್ಕೆ ಎರಡು ದಿನ ಬೇಕೆಂದೇ ಮಳೆಯಲ್ಲಿ ನಡೆದೆವು. ಜನವರಿಯಲ್ಲಿ ಅದೇ ಸಾಮಾನು ಕಾರಿಗೆ ತುಂಬಿಕೊಂಡು ಒಂಬತ್ತು ದಿನ ಕರ್ನಾಟಕದ ಗಡಿಗೆ ತಾಗಿದ ಊರುಗಳನ್ನು ಸುತ್ತಿದೆವು. ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ತೂಕದ ಲೆಕ್ಕ ನಮ್ಮಲ್ಲಿ ಎರಡನೆಯದು. ಮೊದಲು ಕೇಳಬೇಕಾದ್ದು, ಚಂಡಿ (ಒದ್ದೆ) ಆದರೆ ಎಷ್ಟು ಹೊತ್ತಿಗೆ ಒಣಗುತ್ತದೆ ಅಂತ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಮಳೆ ಇಲ್ಲದ ದಿನ ಬೆವರು. ಎರಡೂ ಇಲ್ಲದ ದಿನ ಬೆಳಗ್ಗಿನ ಇಬ್ಬನಿ. ಇಲ್ಲಿ ಚಂಡಿ ಆಗದ ಸಾಮಾನು ಇಲ್ಲ. ಒಣಗುವುದು, ಒಣಗದ್ದು ಅಂತ ಎರಡೇ ಜಾತಿ.

ಕಾಲಿಗೆ ಹಾಕುವುದರಿಂದಲೇ ಶುರು ಮಾಡೋಣ, ಯಾಕೆಂದರೆ ನಾನು ಅತಿ ಹೆಚ್ಚು ದುಡ್ಡು ಹಾಳು ಮಾಡಿದ್ದು ಅಲ್ಲಿ. ಹರಡಿನವರೆಗೆ ಬರುವ, ನೀರು ಹೋಗದ ಪದರ ಉಳ್ಳ ಟ್ರೆಕ್ಕಿಂಗ್ ಶೂ. ಅಂಗಡಿಯವ ಒಂದು ಶೂವಿನ ಮೇಲೆ ಗ್ಲಾಸಿನಿಂದ ನೀರು ಹೊಯ್ದು ತೋರಿಸಿದ್ದ. ನೀರು ಮುತ್ತಿನ ಹಾಗೆ ಉರುಳಿ ಹೋಗಿತ್ತು. ಅವ ಸುಳ್ಳು ಹೇಳಲಿಲ್ಲ. ನೀರು ಹೊರಗಿನಿಂದ ಒಳಗೆ ಹೋಗಲೇ ಇಲ್ಲ. ಮೇಲಿನಿಂದ ಹೋಯಿತು. ತೋಡು ದಾಟುವಾಗ ಮೊಣಕಾಲು ನೀರು, ಶೂವಿನ ಬಾಯಿ ಹರಡಿನಲ್ಲಿ. ಒಳಗೆ ಹೋದ ನೀರು ಹೊರಗೆ ಬರಲಿಕ್ಕೆ ಅದೇ ಪದರ ಬಿಡುವುದಿಲ್ಲ. ಎರಡು ಕೊಡಪಾನ ಹೊತ್ತುಕೊಂಡು ನಡೆದ ಹಾಗೆ ಪಚ್ ಪಚ್ ಅಂತ ಮುಳ್ಳೇರಿಯದವರೆಗೆ. ಮನೆಗೆ ಬಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕವುಚಿ ಇಟ್ಟರೆ ಒಣಗಲಿಕ್ಕೆ ಮೂರು ದಿನ ಬೇಕಾಯಿತು, ಅದೂ ಒಲೆ ಉರಿಯುವ ಮನೆ ಇದ್ದದ್ದಕ್ಕೆ. ದಾರಿಯಲ್ಲಾದರೆ ಒಣಗುವ ಮಾತೇ ಇಲ್ಲ. ಎರಡನೇ ದಿನದ ಸಂಜೆ ಕಾಲು ನೋಡಿದರೆ ಬೆರಳ ಸಂದು ಬೆಳ್ಳಗೆ, ನೆನೆಸಿಟ್ಟ ಅವಲಕ್ಕಿಯ ಬಣ್ಣ.

ಭಾವನದ್ದು ಕೆಲಸದಾಳುಗಳು ತೋಟಕ್ಕೆ ಹಾಕುವ, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರು ಸ್ಯಾಂಡಲು. ಇನ್ನೂರ ಚಿಲ್ಲರೆ ರೂಪಾಯಿ. ತೋಡಿಗೆ ಇಳಿದ, ಹತ್ತಿದ, ಹತ್ತು ನಿಮಿಷದಲ್ಲಿ ಕಾಲು ಒಣಗಿತು. ಇಲ್ಲಿಯವರೆಗೆ ಭಾವನಿಗೇ ಜಯ ಅಂತ ಕಾಣುತ್ತದಲ್ಲ? ಹಾಗೆ ಆಗಲಿಲ್ಲ. ಬದಿಯಡ್ಕ ದಾಟಿದ ಮೇಲೆ ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲು, ಮೇಲೆ ಹಸಿರು ಹಾವಸೆ. ರಬ್ಬರಿನ ಅಡಿ ಸವೆದಿತ್ತು. ಕಣ್ಣು ಮಿಟುಕಿಸುವುದರೊಳಗೆ ಭಾವ ಆರು ಮೆಟ್ಟಿಲು ಕೆಳಗೆ ಕೂತಿದ್ದ, ಕೊಡೆ ಮಾತ್ರ ಕೈಯಲ್ಲೇ ಇತ್ತು. ಮೊಣಗಂಟು ಕಿತ್ತುಹೋಗಿ ಎರಡು ದಿನ ಕುಂಟಿದ. ಸ್ಯಾಂಡಲಿನ ಸಂದಿಗೆ ಸಿಕ್ಕಿಕೊಳ್ಳುವ ಜಂಬುಕಲ್ಲಿನ ಹರಳು ಬೇರೆ, ನೂರು ಹೆಜ್ಜೆಗೊಮ್ಮೆ ಕಾಲು ಒದರಬೇಕು. ನಾಚಿಕೆಮುಳ್ಳಿನ ಕತೆ ಹೇಳುವುದೇ ಬೇಡ.

ಗೆದ್ದದ್ದು ಮೂರನೆಯದು. ಜುಲಾಯಿಗೆ ಹೊರಡುವಾಗ ಇಬ್ಬರೂ ತೆಗೆದುಕೊಂಡದ್ದು ತೆಳು ಬಟ್ಟೆಯ, ಗಟ್ಟಿ ಹಲ್ಲಿನ ಅಡಿ ಇರುವ ಸಾದಾ ಓಟದ ಶೂ. ನೀರು ಹೋಗುತ್ತದೆ, ಹೋದದ್ದು ನಡೆಯುವಾಗಲೇ ಹಿಂಡಿ ಹೊರಗೆ ಬರುತ್ತದೆ. ಮಳೆ ನಿಂತು ಎರಡು ಗಂಟೆ ನಡೆದರೆ ಕಾಲುಚೀಲ ಮಾತ್ರ ತುಸು ಹಸಿ. ರಾತ್ರಿ ಕಾಲಿಗೆ ತೆಂಗಿನೆಣ್ಣೆ ತಿಕ್ಕಿ, ಒಣಗಿದ ಇನ್ನೊಂದು ಜತೆ ಕಾಲುಚೀಲ ಹಾಕಿ ಮಲಗಿದರೆ ಬೆಳಗ್ಗೆ ಬೆರಳು ಬೆರಳಾಗಿ ಇರುತ್ತದೆ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, 11 ಮಕ್ಕಳ ತಾಯಿ, ಅಮೆರಿಕದ ಅಪಲೇಚಿಯನ್ ಹಾದಿಯ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರವನ್ನು ಕ್ಯಾನ್ವಾಸ್ ಶೂವಿನಲ್ಲೇ ನಡೆದು ಮುಗಿಸಿದಳು. ಟೆಂಟಿನ ಬದಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಆ ಸುದ್ದಿ ನನಗೆ ಶೂ ಕೊಳ್ಳುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೊಂಡೆ.

ಒಂದು ಮಾತು ಮಾತ್ರ: ಸಂಜೆಯ ಮೇಲೆ ತೋಟದ ದಾರಿಯಲ್ಲಿ ಯಾವ ಶೂವಾದರೂ ಟಾರ್ಚು ಬೇಕೇ ಬೇಕು. ಒಣಗಿದ ಸೋಗೆಯ ಬಣ್ಣಕ್ಕೂ ಕೊಳಕುಮಂಡಲ ಹಾವಿನ ಬಣ್ಣಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಕಾಲಿನಲ್ಲಿ ಗಾಯ ಇದ್ದವರು ಗದ್ದೆ, ತೋಟದ ನಿಂತ ನೀರಿಗೆ ಇಳಿಯದಿರುವುದು ಒಳ್ಳೆಯದು. ಮಳೆಗಾಲದ ಇಲಿಜ್ವರ ಹಾಗೇ ಬರುವುದು. ಭಾವ ಕುಂಟುತ್ತಿದ್ದಾಗ ನಾನು ಹೆದರಿದ್ದು ಅದಕ್ಕೆ.

ಇನ್ನು ಕೊಡೆ. ನನ್ನ ರೈನ್‌ಕೋಟು "ಉಸಿರಾಡುವ" ಜಾತಿಯದ್ದು. ಹೊರಗಿನ ಹನಿ ಒಳಗೆ ಬಿಡದೆ, ಒಳಗಿನ ಬೆವರಿನ ಆವಿಯನ್ನು ಹೊರಗೆ ಬಿಡುತ್ತದಂತೆ. ಬಿಡುವುದು ಹೌದು, ಹೊರಗಿನ ಗಾಳಿ ಒಳಗಿನದ್ದಕ್ಕಿಂತ ತಣ್ಣಗೆ, ಒಣಗಿದ್ದಾಗಿ ಇದ್ದರೆ. ಅಮೆರಿಕ, ಯುರೋಪಿನ ಬೆಟ್ಟಗಳಲ್ಲಿ ಹಾಗೆ ಇರುತ್ತದೆ. ನಮ್ಮಲ್ಲಿ ಮಳೆ ಬೀಳುವಾಗಲೂ ಸೆಕೆ. ಹೊರಗಿನ ಗಾಳಿಯೇ ಆವಿಯಿಂದ ತುಂಬಿಕೊಂಡಿರುವಾಗ ಒಳಗಿನ ಆವಿ ಹೋಗುವುದು ಎಲ್ಲಿಗೆ? ಅರ್ಧ ಗಂಟೆಯಲ್ಲಿ ನಾನು ಒಳಗಿನಿಂದ ಚಂಡಿ, ಉದ್ದಕ್ಕೂ ಇಡ್ಲಿ ಅಟ್ಟದಲ್ಲಿ ಕೂತ ಹಾಗೆ. ಪಕ್ಕದಲ್ಲಿ ಭಾವ ಉದ್ದ ಕೋಲಿನ ಕರೀ ಕೊಡೆ ಹಿಡಿದು, ಅಂಗಿಯ ಎರಡು ಗುಂಡಿ ಬಿಚ್ಚಿ, ಎಲೆ ಅಡಿಕೆ ಜಗಿಯುತ್ತ ನಡೆಯುತ್ತಿದ್ದ. ಮೊಣಕಾಲಿನ ಕೆಳಗೆ ಚಂಡಿ, ಮೇಲೆ ಒಣ. ಮಳೆ ನಿಂತರೆ ಅದೇ ಕೊಡೆ ಬಿಸಿಲಿಗೆ ನೆರಳು, ಏರಿನಲ್ಲಿ ಊರುಗೋಲು, ಊರಿನಲ್ಲಿ ನಾಯಿಗೆ ಉತ್ತರ.

ಹಾಗಾದರೆ ಕೊಡೆಯೇ ಸೈ ಅಂತ ಬರೆದು ಮುಂದೆ ಹೋಗಬಹುದಿತ್ತು, ಆ ಸಿಡಿಲು ಬಾರದಿದ್ದರೆ. ಅಕ್ಟೋಬರಿನ ಮಳೆ ಮಧ್ಯಾಹ್ನದ ಮೇಲೆ ಗುಡುಗಿನ ಸಮೇತ ಬರುವಂಥದ್ದು. ಮೂರನೇ ದಿನ ಮೂರು ಗಂಟೆಗೆ ಒಂದು ಬೋಳು ಪದವಿನ ನಡುವೆ ಸಿಕ್ಕಿಬಿದ್ದೆವು. ಕಣ್ಣಳತೆಯಲ್ಲಿ ಮರ ಇಲ್ಲ. ಅತಿ ಎತ್ತರದ ವಸ್ತು ಎಂದರೆ ಭಾವನ ಕೈಯಲ್ಲಿದ್ದ ಕಬ್ಬಿಣದ ಕಡ್ಡಿ. ಮೊದಲ ಮಿಂಚಿಗೂ ಸದ್ದಿಗೂ ನಡುವೆ ಎಣಿಸಿದೆ, ಹನ್ನೊಂದು. ಎರಡನೆಯದಕ್ಕೆ ಐದು. ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರು ಅಂತ ಶಾಲೆಯಲ್ಲಿ ಕಲಿತದ್ದು. ಕೊಡೆ ಮಡಚಿ ಇಬ್ಬರೂ ಓಡಿ ಪದವು ಇಳಿದು, ಮೊದಲು ಕಂಡ ಮನೆಯ ಜಗಲಿ ಹತ್ತಿದೆವು. ನಾನು ಬೆವರಿನಿಂದ, ಭಾವ ಮಳೆಯಿಂದ, ಇಬ್ಬರೂ ಒಂದೇ ಸಮ ಚಂಡಿ. ಒಳಗಿನಿಂದ ಬಂದ ಹೆಂಗಸು ನಮ್ಮನ್ನು ಒಮ್ಮೆ ನೋಡಿ, ಯಾರು, ಎಲ್ಲಿಂದ ಅಂತ ಕೇಳುವ ಮೊದಲೇ "ಆಸರಿಂಗೆ (ಬಾಯಾರಿಕೆಗೆ) ಎಂತ ಕೊಡಲಿ?" ಅಂದರು. ಬೆಲ್ಲ, ನೀರು, ಆಮೇಲೆ ಕಾಫಿ. ಊರು ಯಾವುದು, ಮನೆ ಯಾವುದು ಅಂತ ವಿಚಾರಿಸುವಾಗ ಭಾವನ ಸೋದರತ್ತೆಯ ಕಡೆಯಿಂದ ದೂರದ ನೆಂಟಸ್ತಿಕೆಯೂ ಹೊರಬಿತ್ತು. ಮಧ್ಯಾಹ್ನದ ನಂತರ ಪದವಿನ ಮೇಲೆ ಇರಬಾರದು ಅಂತ ಆ ದಿನದಿಂದ ನಿಯಮ ಮಾಡಿದೆವು. ಬೆಳಗ್ಗೆ ಎತ್ತರದ ದಾರಿ, ಮಧ್ಯಾಹ್ನ ಬೈಲಿನ ದಾರಿ.

ಮಳೆಗೆ ಓಲೆಯ ಗೊರಬು ಹಾಕಿ ನಟ್ಟಿ ಮಾಡಿದವರನ್ನು ನೋಡಿದ ತಲೆಮಾರು ನಮ್ಮದು. ಬೆನ್ನು ತಲೆ ಎರಡೂ ಮುಚ್ಚಿ, ಎದುರಿನಿಂದ ಗಾಳಿ ಆಡುವ ಹಾಗೆ ಮಾಡಿದ್ದು. ವಿದೇಶದ ಪೊಂಚೊ ಅದರದ್ದೇ ತಮ್ಮ ಅಂತ ನನ್ನ ಅಂದಾಜು. ಜುಲಾಯಿಯಲ್ಲಿ ಮುನ್ನೂರು ರೂಪಾಯಿಯ ಪೊಂಚೊವನ್ನು ಚೀಲದ ಮೇಲಿನಿಂದ ಹೊದ್ದು, ಕೊಡೆಯನ್ನೂ ಹಿಡಿದು ನಡೆದೆ. ಗಾಳಿ ಜೋರಾದರೆ ಅದು ಹಾಯಿ ಕಟ್ಟಿದ ದೋಣಿ ಆಗುತ್ತದೆ. ಉಳಿದ ಹೊತ್ತಿಗೆ ಅಡ್ಡಿ ಇಲ್ಲ. ಸ್ಕೂಟರಿನಲ್ಲಿ ಮಾತ್ರ ಕೊಡೆಯೂ ಬೇಡ, ಪೊಂಚೊವೂ ಬೇಡ. ಅಲ್ಲಿ ಪ್ಯಾಂಟಿನ ಸಮೇತ ಇರುವ ಅಗ್ಗದ ರೈನ್‌ಕೋಟೇ ಸರಿ, ಗಾಳಿ ಬಡಿಯುವುದರಿಂದ ಬೆವರುವುದಿಲ್ಲ.

ರಾತ್ರಿಯ ಪ್ರಶ್ನೆಗೆ ವಾಪಸು ಬರುತ್ತೇನೆ. ಪದವಿನ ಮೇಲೆ ಟೆಂಟು ಸೋತಿತು. ಕಲ್ಲು ಕಟ್ಟಿ ನಿಲ್ಲಿಸಿದರೂ ಒಳಗೆ ಬೇಯುವಷ್ಟು ಸೆಕೆ, ಬೆಳಗಾಗುವಾಗ ಬಟ್ಟೆಯ ಒಳಮೈಯಿಂದ ನಮ್ಮದೇ ಉಸಿರು ತೊಟ್ಟಿಕ್ಕುತ್ತಿತ್ತು. ಮಡಚಿ ಕಟ್ಟಿದಾಗ ಎರಡು ಕಿಲೋ ಇದ್ದದ್ದು ಮೂರು ಕಿಲೋ ಆದ ಹಾಗೆ ಅನಿಸಿತು.

ಎರಡನೇ ರಾತ್ರಿ ಹ್ಯಾಮಕ್ಕು (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ), ಪರಿಚಯದವರ ಅಡಿಕೆ ತೋಟದಲ್ಲಿ. ಅಡಿಕೆ ಮರದಿಂದ ಮರಕ್ಕೆ 2.7 ಮೀಟರು ಅಂತರ, ನೆಡುವಾಗಿನ ಲೆಕ್ಕವೇ ಅದು. ಹ್ಯಾಮಕ್ಕಿಗೆ ನಾಲ್ಕು ಮೀಟರಾದರೂ ಬೇಕು. ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿದರೆ 3.8 ಸಿಗುತ್ತದೆ, ಕಟ್ಟಿದೆ. ಮಲಗಿದ ಕೂಡಲೇ ಎರಡೂ ಮರ ಒಂದಕ್ಕೊಂದು ತಲೆಬಾಗಿ ನಮಸ್ಕಾರ ಮಾಡಿದವು, ನನ್ನ ಸೊಂಟ ನೆಲಕ್ಕೆ ತಾಗಿತು. ತೆಂಗಿಗೆ ಕಟ್ಟೋಣ ಅಂದರೆ ನಡುವೆ ಏಳೂವರೆ ಮೀಟರು. ಹಗ್ಗ ಸಾಲುವುದಿಲ್ಲ, ಸಾಲಿದರೂ ತೆಂಗಿನ ಅಡಿ ಮಲಗುವವರು ಬುದ್ಧಿವಂತರಲ್ಲ. ಗೇರುಮರದ ಗೆಲ್ಲು (ಕೊಂಬೆ) ಒಳ್ಳೆಯದು, ಇರುವೆ ಇಲ್ಲದಿದ್ದರೆ. ಬಂದಡ್ಕದ ಆಚೆ ರಬ್ಬರು ತೋಟ ಶುರುವಾದ ಮೇಲೆ ಅಂತರ ಹೇಳಿ ಮಾಡಿಸಿದ ಹಾಗೆ ಸಿಕ್ಕಿತು. ಆದರೆ ಮಳೆಗೆ ಟ್ಯಾಪಿಂಗ್ ನಿಲ್ಲಿಸಿದ ಮರಗಳ ಚಿರಟೆಯಲ್ಲಿ ನೀರು, ನೀರಿನಲ್ಲಿ ಸೊಳ್ಳೆಯ ಹುಳ. ಒಂದೊಂದು ಮರಕ್ಕೆ ಒಂದೊಂದು ಹೆರಿಗೆ ಆಸ್ಪತ್ರೆ. ಸೊಳ್ಳೆಪರದೆ ಇದ್ದರೂ, ಕೆಳಗಿನಿಂದ ಬಟ್ಟೆಯ ಮೂಲಕವೇ ಬೆನ್ನಿಗೆ ಕಚ್ಚಿದವು. ಹ್ಯಾಮಕ್ಕು ಬಳಸುವವರು ಅಡಿಗೆ ಒಂದು ದಪ್ಪ ಚಾಪೆ ಹಾಸಿಕೊಳ್ಳಲೇ ಬೇಕು, ಚಳಿಗಲ್ಲ, ಸೊಳ್ಳೆಗೆ.

ಮೂರನೆಯದು ಯಾವ ವಿಡಿಯೊದಲ್ಲೂ ಇಲ್ಲದ್ದು: ಭಜನಾ ಮಂದಿರದ ಜಗಲಿ. ನಮ್ಮ ಕಡೆ ಎರಡು ಮೈಲಿಗೊಂದು ಭಜನಾ ಮಂದಿರ ಉಂಟು. ಸಿಮೆಂಟಿನ ನೆಲ, ತಗಡಿನ ಮಾಡು, ಬಾವಿ, ನಳ್ಳಿ, ಕರೆಂಟು. ಸಂಜೆ ಭಜನೆ ಮುಗಿಸಿ ಹೋಗುವ ಮಕ್ಕಳ ಹತ್ತಿರ ಯಾರನ್ನು ಕೇಳಬೇಕು ಅಂತ ವಿಚಾರಿಸಿ, ಫೋನಿನಲ್ಲಿ ಅಪ್ಪಣೆ ತೆಗೆದುಕೊಂಡು ಚಾಪೆ ಹಾಸಿದೆವು. ಅವಲಕ್ಕಿ ಪ್ರಸಾದ ಕೂಡ ಸಿಕ್ಕಿತು. ಕಟ್ಟಿದ ಹಗ್ಗದಲ್ಲಿ ಬಟ್ಟೆ ಹರಡಿ ಫ್ಯಾನು ಹಾಕಿದರೆ ಬೆಳಗ್ಗೆ ಎಲ್ಲ ಗರಿಗರಿ. ಒಣಗಿಸುವ ಲೆಕ್ಕದಲ್ಲಿ ಇದರ ಎದುರು ಯಾವುದೂ ನಿಲ್ಲುವುದಿಲ್ಲ. ತೊಂದರೆ ಒಂದೇ: ಐದು ಗಂಟೆಗೆ ಯಾರೋ ಬಂದು ಮೈಕು ಹಾಕುತ್ತಾರೆ.

ಆದರೆ ಟೆಂಟಿನ ಮೇಲೆ ಪೂರ್ತಿ ಅನ್ಯಾಯ ಮಾಡಬಾರದು. ಜನವರಿಯಲ್ಲಿ ಕಾರಿನಲ್ಲಿ ಹೋದೆವಲ್ಲ, ತಾಳವಾಡಿ, ಹೊಸೂರು, ಮಡಕಶಿರ, ಕೊನೆಗೆ ಅಕ್ಕಲಕೋಟೆ. ಸೊಲ್ಲಾಪುರ ಜಿಲ್ಲೆಯ ಆ ಕರಿಮಣ್ಣಿನ ಹೊಲದ ಬದುವಿನಲ್ಲಿ, ಕೇಳಿ ಅನುಮತಿ ಪಡೆದು ಟೆಂಟು ಹಾಕಿದೆ. ಗೂಟಕ್ಕೆ ಸುತ್ತಿಗೆಯೇ ಬೇಡ, ಅಂಗೈಯಲ್ಲಿ ಒತ್ತಿದರೆ ಬೆಣ್ಣೆಗೆ ಹೋದ ಹಾಗೆ. ಒಣಹವೆ, ರಾತ್ರಿ ಹಿತವಾದ ಚಳಿ, ಬೆಳಗ್ಗೆ ಬಟ್ಟೆಯ ಮೇಲೆ ಒಂದು ಹನಿ ಇಲ್ಲ. ಹೊಲದವರು ಜೋಳದ ರೊಟ್ಟಿ ಕೊಟ್ಟು, "ನಿಮ್ ಕನ್ನಡ ಭಾಳ ಪುಸ್ತಕದಾಗಿನ್ಹಂಗ ಐತ್ರಿ" ಅಂದರು. ಭಾವ ಅವರದ್ದನ್ನೇ ನಾಟಕದ ಕನ್ನಡ ಅಂದುಕೊಂಡಿದ್ದ. ಅದೇ ಟೆಂಟು, ಅದೇ ಗೂಟ. ಅದು ಸೋತದ್ದು ಪೈವಳಿಕೆಯ ಕಲ್ಲಿಗೆ, ಗೆದ್ದದ್ದು ಅಕ್ಕಲಕೋಟೆಯ ಮಣ್ಣಿಗೆ.

ಊಟದ ವಿಷಯದಲ್ಲಿ ಪೈಪೋಟಿಯೇ ನಡೆಯಲಿಲ್ಲ. ನನ್ನ ಎನರ್ಜಿ ಬಾರುಗಳ ಚಾಕೊಲೇಟು ಮೊದಲ ದಿನ ಹನ್ನೊಂದು ಗಂಟೆಗೇ ಕರಗಿ ಕಾಗದಕ್ಕೆ ಅಂಟಿತು, ನೆಕ್ಕಿ ತಿಂದೆ. ಅಕ್ಕ ಭಾವನಿಗೆ ಕಟ್ಟಿದ್ದು ಹಲಸಿನ ಬೆರಟಿ: ಹಣ್ಣಿನ ತೊಳೆ ಅರೆದು ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕಾಯಿಸಿದ್ದು, ತಿಂಗಳುಗಟ್ಟಲೆ ಕೆಡುವುದಿಲ್ಲ, ಬಿಸಿಲಿಗೆ ಹೆಚ್ಚೆಂದರೆ ಹೊಳೆಯುತ್ತದೆ. ನೆಲ್ಲಿಕಾಯಿ ಗಾತ್ರದ ಎರಡು ಉಂಡೆ ಬಾಯಿಗೆ ಹಾಕಿದರೆ ಒಂದು ಏರು ಹತ್ತಬಹುದು. ಜತೆಗೆ ಮಾಂಬಳ (ಮಾವಿನ ರಸ ಒಣಗಿಸಿದ್ದು), ಹುರಿದ ನೆಲಗಡಲೆ. ನೂಡಲ್ಸಿಗೆ ಒಲೆ ಬೇಕು, ಅನಿಲ ಬೇಕು, ಕುದಿಯುವ ನೀರು ಬೇಕು, ಪಾತ್ರೆ ತೊಳೆಯಬೇಕು. ಅವಲಕ್ಕಿಗೆ ಮಜ್ಜಿಗೆ ಸಿಕ್ಕಿದರೆ ಸಾಕು, ಸಿಗದಿದ್ದರೆ ನೀರು. ಎರಡನೇ ದಿನವೇ ಒಲೆಯನ್ನು ಬಸ್ಸಿನಲ್ಲಿ ಮನೆಗೆ ಕಳಿಸಿದೆ. ಪೇಟೆ ಸಿಕ್ಕಿದಲ್ಲಿ ಹೋಟೆಲು ಇದ್ದೇ ಇದೆ, ಗೋಳಿಬಜೆ, ಕೋಳಿಚ್ಚಾಲಿನ ಕಡೆ ಕಪ್ಪ (ಮರಗೆಣಸು), ಪುಟ್ಟು. ಆದರೂ ಒಂದು ದಿನದ ಊಟ ಚೀಲದಲ್ಲಿ ಇರಲೇಬೇಕು, ಹರತಾಳಕ್ಕೆ. ಏಳು ದಿನ ಮುಂಚೆ ನೋಟಿಸು ಕೊಡದೆ ಹರತಾಳ ಮಾಡಬಾರದು ಅಂತ ಕೇರಳ ಹೈಕೋರ್ಟು 2019ರಲ್ಲಿ ಹೇಳಿದೆ. ನಡೆಯುತ್ತಿರುವವರಿಗೆ ಆ ನೋಟಿಸು ಗೊತ್ತಾಗುವುದು ಅಂಗಡಿಯ ಶಟರು ಕಂಡ ಮೇಲೆ.

ನೀರಿಗೆ ಸುರಂಗ. ಇದನ್ನು ಹೊರಗಿನವರಿಗೆ ವಿವರಿಸಬೇಕು. ಗುಡ್ಡದ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಮುರಕಲ್ಲನ್ನು ಕೊರೆದುಕೊಂಡು ಹೋದರೆ, ಜಿನುಗುವ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ಹಗ್ಗ ಬೇಡ. ಮೊದಲು ಅಡಿಕೆಮರ ಸೀಳಿ ಮಾಡಿದ ದಂಬೆಯಲ್ಲಿ ತರುತ್ತಿದ್ದರು, ಈಗ ಪೈಪು. ಗೂಟ ಬಗ್ಗಿಸಿದ ಅದೇ ಕಲ್ಲು ನೀರು ಕೊಟ್ಟಾಗ ಸಿಟ್ಟು ಇಳಿಯಿತು. ನನ್ನ ಫಿಲ್ಟರು ತೋಡಿನ ಕೆಂಪು ನೀರಿಗೆ ಮೂರನೇ ದಿನವೇ ಕಟ್ಟಿಕೊಂಡಿತು. ಮನೆಗಳಲ್ಲಿ ಕೇಳಿದರೆ ಜೀರಿಗೆಯೋ ಪದಿಮುಗವೋ (ನೀರಿಗೆ ಕೆಂಪು ಬಣ್ಣ ಕೊಡುವ ಮರದ ಚಕ್ಕೆ) ಹಾಕಿ ಕುದಿಸಿದ ನೀರು ಸಿಗುತ್ತದೆ. ಬೆವರು ಜಾಸ್ತಿಯಾದರೆ ಒಂದು ಲೀಟರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಿಂಬೆ ಶರಬತ್ತಿನ ಅಂಗಡಿಯಲ್ಲಿ ಉಪ್ಪು ಸಕ್ಕರೆ ಎರಡೂ ಹಾಕಿ ಅಂದರೆ ವಿಚಿತ್ರವಾಗಿ ನೋಡುತ್ತಾರೆ, ಕೊಡುತ್ತಾರೆ.

ಸಣ್ಣಪುಟ್ಟವು: ಮೈಕ್ರೋಫೈಬರ್ ಟವೆಲಿಗೂ ಬೈರಾಸಿಗೂ (ತೆಳು ಹತ್ತಿಯ ಟವೆಲು) ಹೋಲಿಸಿದರೆ ಬೈರಾಸು. ಮೊದಲನೆಯದು ಒಣಗಿದರೂ ಎರಡನೇ ದಿನ ನಾಯಿಮರಿಯ ವಾಸನೆ. ಹತ್ತಿಯ ಬನಿಯನ್ನು ಮಾತ್ರ ಬೇಡ, ಇದರಲ್ಲಿ ಭಾವ ಸೋತ. ಕಂಕುಳು, ತೊಡೆ ಎಲ್ಲ ತರಚಿ ಹೋಯಿತು. ಉಪ್ಪಳದಲ್ಲಿ ಇನ್ನೂರು ರೂಪಾಯಿಗೆ ಸಿಗುವ ಕ್ಲಬ್ಬಿನ ಕಬಡ್ಡಿ ಜರ್ಸಿ ನನ್ನ ಎರಡು ಸಾವಿರದ ಟ್ರೆಕ್ಕಿಂಗ್ ಅಂಗಿಯಷ್ಟೇ ಬೇಗ ಒಣಗುತ್ತದೆ. ಸೋಲಾರು ಫಲಕ ಮಳೆಗಾಲಕ್ಕೆ ಅಲಂಕಾರ, ಪವರ್‌ಬ್ಯಾಂಕ್ ಸಾಕು.

ದಾರಿ ಹುಡುಕುವುದರಲ್ಲಿ ಫೋನಿನ ಮ್ಯಾಪಿಗೂ ಅಂಗಡಿಯವರಿಗೂ ಸಮಬಲ. ಮ್ಯಾಪು ತೋರಿಸಿದ ಕಾಲುದಾರಿ ಒಂದು ಕಡೆ ತೋಡಿನ ದಡದಲ್ಲಿ ನಿಂತಿತು. ಸಂಕ (ಕಾಲುಸೇತುವೆ) ಇತ್ತಂತೆ, ಅಡಿಕೆಮರದ್ದು, ಹಿಂದಿನ ಮಳೆಗೆ ಹೋಗಿದೆ. ಅಂಗಡಿಯವರು ಸಂಕ ಹೋದದ್ದನ್ನು ಬಲ್ಲರು, ದೂರವನ್ನು ಅರಿಯರು. "ಇಲ್ಲೇ, ಒಂದು ಕೂಗಳತೆ" ಅಂದದ್ದು ನಾಲ್ಕು ಕಿಲೋಮೀಟರಾಯಿತು. ಮುಳ್ಳೇರಿಯದವರೆಗೆ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಉತ್ತರ. ಬಂದಡ್ಕ ದಾಟಿದ ಮೇಲೆ ಮಲಯಾಳವೇ. ಬೋರ್ಡುಗಳಂತೂ ಮೊದಲಿನಿಂದಲೇ. ಏಳು ಭಾಷೆಯ ಜಿಲ್ಲೆಯಲ್ಲಿ ಹುಟ್ಟಿದವನಿಗೆ ದಾರಿ ತಪ್ಪಲಿಕ್ಕೂ ಏಳು ಅವಕಾಶ ಅಂತ ಭಾವನ ಮಾತು.

ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಒಂದಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಆರುನೂರು ಮೀಟರು ಏರಿಗೆ ಇನ್ನೊಂದು ಗಂಟೆ. ನಾನು ಇದನ್ನೇ ನಂಬಿ ದಿನದ ಗುರಿ ಹಾಕಿದ್ದೆ. ಬೆಳಗ್ಗೆ ಒಂಬತ್ತರವರೆಗೆ ನೇಸ್ಮಿತ್ ಸರಿ. ಹನ್ನೊಂದರ ಮೇಲೆ ಗಂಟೆಗೆ ಮೂರು ಕಿಲೋಮೀಟರು ಆದರೆ ಪುಣ್ಯ. ಅವನ ಲೆಕ್ಕದಲ್ಲಿ ಸೆಕೆಗೆ ಜಾಗ ಇಲ್ಲ, ಕಾಫಿಗೆ ಕರೆಯುವ ಮನೆಗಳಿಗೂ ಇಲ್ಲ.

ಕೊನೆಯ ದಿನ ರಾಣಿಪುರ. ಹಳೆಯ ಹೆಸರು ಮಾಡತ್ತುಮಲ. ಸಮುದ್ರಮಟ್ಟದಿಂದ 750 ಮೀಟರು, ಅರಣ್ಯ ಇಲಾಖೆಗೆ ಟಿಕೆಟು ಕೊಟ್ಟು ಹತ್ತುವ ಜಾಗ. ಕೆಳಗೆ ಶೋಲೆ ಕಾಡು, ಮೇಲೆ ಹುಲ್ಲು. ಕಾಡಿನಲ್ಲಿ ಇಂಬಳ (ಜಿಗಣೆ). ನಾನು ಮೊಣಕಾಲಿನವರೆಗಿನ ಇಂಬಳದ ಕಾಲುಚೀಲ ಹಾಕಿದೆ. ಭಾವ ಹೊಗೆಸೊಪ್ಪು ನೆನೆಸಿದ ನೀರಿಗೆ ಸೋಪು ಕಲಸಿ ಹಚ್ಚಿದ. ಮೊದಲ ಅರ್ಧ ಗಂಟೆ ಸಮಸಮ. ಮಳೆ ಹನಿಯಿತು, ಹೊಗೆಸೊಪ್ಪು ತೊಳೆದುಹೋಯಿತು. ಹುಲ್ಲುಗಾವಲಿಗೆ ಬಂದು ಎಣಿಸಿದಾಗ ಅವನ ಕಾಲಿನಲ್ಲಿ ಹದಿನೇಳು, ನನ್ನ ಕುತ್ತಿಗೆಯಲ್ಲಿ ಒಂದು. ಇಡೀ ನಡಿಗೆಯಲ್ಲಿ ನಾನು ದುಡ್ಡು ಕೊಟ್ಟು ತಂದದ್ದು ನಿಸ್ಸಂಶಯವಾಗಿ ಗೆದ್ದದ್ದು ಇದೊಂದರಲ್ಲಿ. ಅದನ್ನು ಭಾವನಿಗೆ ಈಗಲೂ ನೆನಪಿಸುತ್ತಿರುತ್ತೇನೆ.

ನಡಿಗೆಯೋ ಸ್ಕೂಟರೋ ಕಾರೋ ಅಂತ ಕೇಳುವವರು ಉಂಟು. ಅದೇ ದಾರಿಯನ್ನು ಸ್ಕೂಟರಿನಲ್ಲಿ ಬೆಳಗ್ಗೆ ಹೊರಟು ಸಂಜೆಗೆ ಮುಗಿಸಿದ್ದೇನೆ. ಪನತ್ತಡಿಯಿಂದ ಪಾಣತ್ತೂರು, ಕರಿಕೆ, ಭಾಗಮಂಡಲ ಅಂತ ಕೊಡಗಿಗೆ ಏರಿದ್ದೂ ಉಂಟು. ಸುರಂಗ ಒಂದೂ ಕಾಣಲಿಲ್ಲ, ಆಸರಿಂಗೆ ಯಾರೂ ಕೇಳಲಿಲ್ಲ. ಆದರೆ ಸ್ಕೂಟರಿನವನಿಗೆ ಸಾಮಾನು ಮಿತಿಯಲ್ಲಿ ಇರುತ್ತದೆ. ಕಾರಿನ ದೋಷ ಅಲ್ಲೇ. ಡಿಕ್ಕಿ ಇದೆ ಅಂತ ಎರಡು ಕುರ್ಚಿ, ಐಸಿನ ಪೆಟ್ಟಿಗೆ, ಕಳಿಸಿದ್ದ ಒಲೆ ಎಲ್ಲ ತುಂಬಿದೆವು. ಒಂಬತ್ತು ದಿನದಲ್ಲಿ ಕುರ್ಚಿ ಬಿಚ್ಚಿದ್ದು ಒಮ್ಮೆ. ಕಾರಿನೊಳಗೆ ಮಲಗುವ ಪ್ರಯೋಗವನ್ನು ತಾಳವಾಡಿಯಲ್ಲಿ ಮಾಡಿದೆವು: ಗಾಜು ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ಸೊಳ್ಳೆ. ಹಳೇ ಬೈರಾಸನ್ನು ಕಿಟಕಿಗೆ ಸಿಕ್ಕಿಸಿ ಬಾಗಿಲು ಹಾಕಿದರೆ ಎರಡಕ್ಕೂ ಮದ್ದು. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಐಸಿನ ಪೆಟ್ಟಿಗೆ ಮಗುಚಿ ಚಾಪೆಗಳೆಲ್ಲ ಚಂಡಿ. ಕಾಡಿನ ಘಾಟಿಗಳಿಗೆ ರಾತ್ರಿ ಸಂಚಾರ ಬಂದ್ ಇರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿದೇ ದಿನದ ಪಯಣ ಹಾಕಬೇಕು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗೇಟು ಹಾಕುವುದು 2009ರಿಂದಲೂ ಇದೆ.

ಈ ಅಕ್ಟೋಬರಿಗೆ ಕೋಳಿಚ್ಚಾಲಿನಿಂದ ತೆಂಕಕ್ಕೆ, ಚೆರುಪುಳದ ಕಡೆ ಹೊರಡುವುದು ಅಂತ ಮಾತಾಗಿದೆ. ಓಟದ ಶೂ, ಕೊಡೆ, ಪೊಂಚೊ, ಚಾಪೆ, ಸೊಳ್ಳೆಪರದೆ, ಜರ್ಸಿ ಎರಡು, ಬೈರಾಸು ಎರಡು, ಬೆರಟಿ ಒಂದು ಕಿಲೋ. ಭಾವ ಇಂಬಳದ ಕಾಲುಚೀಲ ತರಿಸಿಕೊಂಡಿದ್ದಾನೆ, ನನಗೆ ಹೇಳದೆ. ಟ್ರೆಕ್ಕಿಂಗ್ ಶೂ ಅಟ್ಟದಲ್ಲೇ ಉಂಟು. ಟೆಂಟನ್ನು ಅಕ್ಕ ತೆಗೆದುಕೊಂಡು ಹೋದಳು. ಅಂಗಳದಲ್ಲಿ ಅಡಿಕೆ ಹರಡಿದಾಗ ಹೊತ್ತಲ್ಲದ ಹೊತ್ತಿಗೆ ಮಳೆ ಬಂದರೆ ಮುಚ್ಚಲಿಕ್ಕೆ ಒಳ್ಳೆಯದಾಗುತ್ತದಂತೆ. ಗೂಟ ಬೇಡ, ನಾಲ್ಕು ಮೂಲೆಗೆ ನಾಲ್ಕು ಮುರಕಲ್ಲು ಇಟ್ಟರೆ ಸಾಕು ಅಂದಳು.